ಐತಾ?

ಫೋಟೋ ತೆಗೆಯುವ ಮುಂಚೆ ಅದಕ್ಕೊಂದು ಸ್ನಾನ ಮಾಡಿಸಿದೆ.
ಹುಣಸೆಹಣ್ಣು ಹಚ್ಚಿ ಡ್ರಮ್ಮು ಉಜ್ಜಿ
ಕಲ್ಲಿನ ಸಂದಿಯಲ್ಲಿ ಒಣಗಿ ಕೂತ ಉದ್ದಿನಹಿಟ್ಟನ್ನು
ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆದಕಿ ಕೆದಕಿ.
ಪಕ್ಕದ್ಮನೆ ಬಿಂದುಶ್ರೀ ಮೊಬೈಲು ಹಿಡಿದು
"ಆಂಟಿ, ಪಕ್ಕಕ್ಕೆ ಸರೀರಿ, ನಿಮ್ಮ ನೆರಳು ಬೀಳ್ತಿದೆ" ಅಂದಳು.
ಸರಿದೆ.

ಐದು ಲೀಟರ್ ಗ್ರೈಂಡರು, ವಾಲಿಸುವಂಥದ್ದು.
ಹನ್ನೊಂದು ವರ್ಷ, ಒಬ್ಬರೇ ಬಳಸಿದ್ದು.
ಬೆಲ್ಟು ಹೊಸದು. ಕಲ್ಲು ಹೋದ ಯುಗಾದಿಗೆ ಕುಟ್ಟಿಸಿದ್ದು.
ಒಂಬತ್ತು ಸಾವಿರ. ಸುಭಾಷ್ ನಗರ, ಮಂಡ್ಯ.
"ನೂರಾರು ಹುಡುಗರು ಉಂಡಿದ್ದಾರೆ ಅಂತಲೂ ಹಾಕು" ಅಂದೆ.
"ಅದೆಲ್ಲ ಯಾರೂ ಓದಲ್ಲ ಆಂಟಿ."

ಅರ್ಧ ಗಂಟೆಗೆ ಮೊದಲನೆಯದು ಬಂತು: "ಐತಾ?"
ಐತೆ ಅಂದೆ.
ಅಲ್ಲಿಗೆ ಮುಗಿಯಿತು. ಆತ ಇದ್ದಾನೋ ಇಲ್ಲವೋ
ಇವತ್ತಿಗೂ ಗೊತ್ತಿಲ್ಲ.
ಎರಡನೆಯವನು "ಲಾಸ್ಟ್ ಎಷ್ಟು?" ಅಂದ,
ಮೊದಲಿಗೆ ಒಂದು ನಮಸ್ಕಾರ ಇಲ್ಲ, ಸೀದಾ ಲಾಸ್ಟು.
ಹೊಳಲಿನ ಒಬ್ಬಾಕೆ ಬದಲಿಗೆ
ಎರಡು ಗಿರಿರಾಜ ಕೋಳಿ, ಒಂದು ಕುಕ್ಕರು ಕೊಡ್ತೀನಿ ಅಂದಳು,
ಕುಕ್ಕರಿಗೆ ವಿಷಲ್ಲು ಮಾತ್ರ ಇಲ್ಲವಂತೆ.
ರಾತ್ರಿ ಎರಡೂಕಾಲಿಗೆ ಇನ್ನೊಬ್ಬ: "ಸೌಂಡ್ ಜಾಸ್ತಿ ಬತ್ತದಾ?"
ಈಗ ಬರ್ತಿರೋದು ನಿಂದೇ ಕಣಪ್ಪ ಅಂತ
ಬರೆಯಲು ಹೋಗಿ ಅಳಿಸಿ ಮಲಗಿದೆ.

ಒಬ್ಬ ಮಿಲಿಟರಿಯವನಂತೆ, ಜಮ್ಮುವಿನಲ್ಲಿ ಡ್ಯೂಟಿಯಂತೆ.
ನೋಡದೆಯೇ ಒಂಬತ್ತೂ ಒಪ್ಪಿಕೊಂಡ.
"ಕ್ಯೂಆರ್ ಕಳಿಸ್ತೀನಿ ಮೇಡಂ, ಸ್ಕ್ಯಾನ್ ಮಾಡಿ, ದುಡ್ಡು ಬೀಳುತ್ತೆ."
ಗಡಿಯಲ್ಲಿ ದೋಸೆಗೆ ಅಷ್ಟೊಂದು ರುಬ್ಬುತ್ತೀರಾ ಅಂದೆ.
ಬ್ಲಾಕ್ ಮಾಡಿದ.

ಭಾನುವಾರ ಬರ್ತೀವಿ ಅಂದವರು ಮೂವರು.
ಕಾಫಿಪುಡಿ ತಂದಿಟ್ಟೆ, ಬಾಗಿಲಿಗೆ ನೀರು ಹಾಕಿದೆ.
ನಾನೇ ಮೂರು ಸಲ ಕುಡಿದೆ.

ಕೊನೆಗೆ ಕೆರಗೋಡಿಂದ ಕೆಂಪರಾಜು, ಜೊತೆಗೆ ಅವನ ಬಾಮೈದ,
ಗೂಡ್ಸ್ ಆಟೋ ಸಮೇತ.
ಕಲ್ಲಂಗಡಿ ಬಡಿದು ನೋಡುವಂತೆ ಕಲ್ಲು ಬಡಿದ.
"ಸವದೋಗೈತೆ ಕನವ್ವ."
ಡ್ರಮ್ಮಿನೊಳಗೆ ಮೂಗಿಟ್ಟ. "ಹುಳಿ ವಾಸ್ನೆ."
ಹೌದಪ್ಪ. ನಾಲ್ಕೂವರೆಗೆ ಎದ್ದ ಹನ್ನೊಂದು ವರ್ಷ
ಇನ್ನೆಲ್ಲಿಗೆ ಹೋಗಬೇಕು?
ಇದರಲ್ಲಿ ನೂರಾರು ಮಕ್ಕಳಿಗೆ ಅನ್ನ ಹಾಕಿದ್ದೀನಿ ಅಂದೆ.
ಅವನು ಪ್ಲಗ್ಗು ನೋಡುತ್ತಿದ್ದ.
ಬೀದರಿನ ಮಲ್ಲಿನಾಥ ಪರೀಕ್ಷೆಯ ದಿನ ಹದಿನಾಲ್ಕು ಇಡ್ಲಿ ತಿಂದು
ಇಲ್ಲೇ, ನೀನು ನಿಂತಿರುವ ಜಾಗದಲ್ಲೇ ನಿದ್ದೆ ಹೋಗಿ
ಹಾಲ್ ಟಿಕೆಟ್ಟಿನಿಂದ ಗಾಳಿ ಬೀಸಿ ಎಬ್ಬಿಸಿದೆ ಅಂತ
ಹೇಳಲು ಬಾಯಿ ತೆರೆದೆ.
"ಆಟೋ ಬಾಡ್ಗೆ ಕಳ್ದು ಐದು ಸಾವ್ರ" ಅಂದ.

ನನ್ನ ಮೊಣಕಾಲು ಹೂಂ ಅಂದಿತು.

ಎತ್ತುವಾಗ ಹಿಂದೆಯೇ ಹೋದೆ.
ಮೊದಲು ಉದ್ದು ಹಾಕು, ಆಮೇಲೆ ಅಕ್ಕಿ.
ಮಳೆಗಾಲದಲ್ಲಿ ಬೆಲ್ಟು ಜಾರುತ್ತೆ, ಒಣ ಬಟ್ಟೆಯಲ್ಲಿ ಒರೆಸು.
ಹಿಟ್ಟು ಆದಾಗ ಅದೇ ಹೇಳುತ್ತೆ,
ಗರಗರ ನಿಂತು ಒಳಗೆ ಬುಳುಬುಳು ಅನ್ನುತ್ತೆ, ಆಗ...
"ಯೂಟ್ಯೂಬಲ್ಲಿ ನೋಡ್ಕತೀವಿ ಬುಡವ್ವ."

ಹನ್ನೆರಡು ದಿನಕ್ಕೆ ಬಿಂದುಶ್ರೀ ಓಡಿಬಂದಳು.
ಅದೇ ಡ್ರಮ್ಮು, ಅದೇ ಹಿಡಿಕೆಗೆ ನಾನು ಸುತ್ತಿದ ನೀಲಿ ಟೇಪು,
ಹಿಂದೆ ಯಾರದೋ ಅಂಗಳ, ಯಾರದೋ ತೊಂಡೆಬಳ್ಳಿ.
"ನಮ್ ತಾಯಿ ಬಳಸಿದ್ದು. ಕಲ್ಲು ಸೂಪರ್.
ನೂರಾರು ಮಕ್ಕಳಿಗೆ ಅನ್ನ ಹಾಕಿದ ಮಿಷಿನ್ನು.
ಹನ್ನೊಂದು ಸಾವಿರ. ಚೌಕಾಸಿ ಇಲ್ಲ."

ಕೇಳಿಸಿಕೊಂಡಿದ್ದ ಹಾಗಾದರೆ.

ಬಿಂದುಶ್ರೀ ಬೈಯುತ್ತಲೇ ಇದ್ದಳು.
ನಾನು ಕನ್ನಡಕ ಹುಡುಕಿ, ಫೋನು ಇಸಿದುಕೊಂಡು
ಒಂದೊಂದೇ ಅಕ್ಷರ ಒತ್ತಿದೆ:
"ಐತಾ?"

ಎರಡು ಗೀಟು ನೀಲಿಯಾದವು.
ಒಲೆ ಮೇಲೆ ಹಾಲಿತ್ತು, ಒಳಗೆ ಹೋದೆ.